ತಕರಾರೂ ಒಂದು ಪ್ರಾರ್ಥನೆ

ಮಂಗಳೂರಿನ ಆಸ್ಪತ್ರೆಯೊಂದರ ಮೂರನೆಯ ಮಹಡಿ. ಐಸಿಯು ಎದುರಿನ ಕಾರಿಡಾರಿನಲ್ಲಿ ಗೋಡೆಗೆ ತಾಗಿಸಿಟ್ಟ ಸ್ಟೀಲಿನ ಬೆಂಚುಗಳು. ಹೊರಗೆ ಆಟಿಯ ಮಳೆ, ಒಳಗೆ ವೆಂಟಿಲೇಟರಿನಲ್ಲಿ ನನ್ನ ಅಣ್ಣ. ಬೆಂಚಿನ ಮೇಲಿದ್ದ ನಮ್ಮ ಎಂಟು ಹತ್ತು ಮಂದಿಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ. ಆದರೆ ಯಾರ ಕಡೆಯವರು ಯಾವ ಬೆಡ್ಡಿನಲ್ಲಿದ್ದಾರೆ, ನಿನ್ನೆಗಿಂತ ಇವತ್ತು ಕ್ರಿಯಾಟಿನಿನ್ ಎಷ್ಟು ಏರಿದೆ ಎಂಬುದೆಲ್ಲ ಬಾಯಿಪಾಠವಾಗಿತ್ತು.

ನನ್ನ ಪಕ್ಕದ ಬೆಂಚಿನಲ್ಲಿ ಬೆಳ್ತಂಗಡಿ ಕಡೆಯ ಒಬ್ಬ ಕೊಂಕಣಿ ಕ್ರೈಸ್ತ ಹೆಂಗಸು ಕೂರುತ್ತಿದ್ದರು. ವಯಸ್ಸು ಅರವತ್ತೈದರ ಮೇಲೆ ಇದ್ದೀತು. ನಮ್ಮ ಕಡೆಯ ರೂಢಿಯಂತೆ ಎಲ್ಲರೂ ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು. ಅವರ ಗಂಡ ಏಳನೆಯ ಬೆಡ್ಡು, ನನ್ನಣ್ಣ ಎಂಟನೆಯದು. ರಾತ್ರಿ ವಿಸಿಟಿಂಗ್ ಟೈಮ್ ಮುಗಿದು, ವಾಚ್‌ಮನ್ ಅರ್ಧ ಲೈಟು ಆರಿಸಿದ ಮೇಲೆ ಅವರು ಸೆರಗಿನ ಗಂಟಿನಿಂದ ಜಪಸರ ತೆಗೆದು ತೇರ್ಸ್, ಅಂದರೆ ಮಣಿ ಎಣಿಸುತ್ತ ಮಾಡುವ ಜಪ, ಹೇಳಲು ಶುರುಮಾಡುತ್ತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೊನೆಯ ಮಣಿ ಮುಗಿದು ಶಿಲುಬೆಗೆ ಮುತ್ತಿಟ್ಟ ಮೇಲೆ ಇನ್ನೊಂದು ಕಾರ್ಯಕ್ರಮ ಇರುತ್ತಿತ್ತು. ಅದಕ್ಕೆ ಪುಸ್ತಕವೂ ಇಲ್ಲ, ಮಣಿಯೂ ಇಲ್ಲ. ತಗ್ಗಿದ ದನಿಯಲ್ಲಿ, ಎದುರಿಗೆ ಯಾರೋ ಕೂತಿದ್ದಾರೇನೋ ಎಂಬಂತೆ ಜಗಳ. ಅರ್ಧಂಬರ್ಧ ಕೊಂಕಣಿ ಬಲ್ಲ ನನಗೆ ಅರ್ಥವಾದದ್ದಿಷ್ಟು: ಹನ್ನೊಂದು ದಿನವಾಯಿತು, ನಿನಗೆ ಕಣ್ಣು ಕಾಣುವುದಿಲ್ಲವೇ? ನಲವತ್ತು ವರ್ಷ ನಿನ್ನ ಇಗರ್ಜಿಯ ಗಂಟೆ ಕೇಳಿ ಎದ್ದ ಮನುಷ್ಯನಲ್ಲವೇ ಇವನು? ಇವನನ್ನು ಹೀಗೆ ಮಲಗಿಸಿ ನಿನಗೆ ಸಿಗುವುದಾದರೂ ಏನು?

ನಾಲ್ಕನೆಯ ರಾತ್ರಿ ತಡೆಯಲಾರದೆ ಕೇಳಿದೆ, "ದೇವರನ್ನು ಹೀಗೆಲ್ಲ ಬೈಯಬಹುದಾ ಬಾಯಮ್ಮ?"

"ಬೈದದ್ದಲ್ಲ ಮಾರಾಯ್ರೆ, ಹೇಳಿದ್ದು. ಡಾಕ್ಟ್ರಿಗೆ ಹೇಳಿದ್ರೆ ಅವರಿಗೆ ಬೇಜಾರಾಗ್ತದೆ. ಮಕ್ಕಳಿಗೆ ಹೇಳಿದ್ರೆ ಅವರು ಹೆದರ್ತಾರೆ. ಮತ್ತೆ ಯಾರ ಹತ್ರ ಹೇಳುವುದು?"

ನಾನು ಕ್ರೈಸ್ತನಲ್ಲ. ಸಂಜೆ ಏಳರ ಹೊತ್ತಿಗೆ ಪಕ್ಕದ ಮನೆಯಿಂದ ಕೇಳಿಬರುತ್ತಿದ್ದ ತೇರ್ಸಿನ ರಾಗ, ಅದು ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಕೇಳುತ್ತಿದ್ದ 'ಬೆಸಾಂವ್' ಎಂಬ ಆಶೀರ್ವಾದ, ಮೊಂತಿ ಹಬ್ಬಕ್ಕೆ ಬರುತ್ತಿದ್ದ ಹೊಸ ಅಕ್ಕಿಯ ಊಟ, ಆ ಧರ್ಮದ ಬಗ್ಗೆ ನನಗಿದ್ದ ತಿಳಿವಳಿಕೆ ಅಷ್ಟೇ. ಸಂಕಟದ ಹೊತ್ತಿನ ಪ್ರಾರ್ಥನೆ ಎಂದರೆ ಕಣ್ಣುಮುಚ್ಚಿ ಶಾಂತವಾಗುವುದು, ಎಲ್ಲವನ್ನೂ ಅವನ ಪಾದಕ್ಕೆ ಹಾಕಿ ಹಗುರಾಗುವುದು ಎಂದುಕೊಂಡಿದ್ದೆ. ವಾಟ್ಸ್ಯಾಪಿನಲ್ಲಿ ಬರುವ ಸೂರ್ಯೋದಯದ ಚಿತ್ರಗಳೂ ಹಾಗೆಯೇ ಹೇಳುತ್ತವಲ್ಲ. ಬಾಯಮ್ಮನ ಜಗಳ ಕೇಳಿದ ಮೇಲೆ ಆ ಪರಂಪರೆಯನ್ನು ಸ್ವಲ್ಪ ಓದಿ ನೋಡಿದೆ. ಜಗಳವೇ ಅಲ್ಲಿನ ಹಳೆಯ ದಾರಿ. ಸೂರ್ಯೋದಯದ ಚಿತ್ರ ಈಚಿನದು.

ಕನ್ನಡ ಬೈಬಲಿನ ನಡುಭಾಗದಲ್ಲಿ 'ಕೀರ್ತನೆಗಳು' ಎಂಬ ಪುಸ್ತಕವಿದೆ. ದಾಸರ ಬಾಯಲ್ಲಿ ಪಳಗಿದ ಪದವೇ ಅದಕ್ಕೆ ಹೆಸರಾಗಿ ಕೂತಿದೆ. ಹೀಬ್ರೂ ಭಾಷೆಯಲ್ಲಿ ಅದು 'ತೆಹಿಲ್ಲೀಮ್', ಅಂದರೆ ಸ್ತುತಿಗಳು. ಯೆಹೂದ್ಯರು ಹಾಡಿದ, ಯೇಸುವೂ ಬಾಲ್ಯದಿಂದ ಕೇಳಿ ಬೆಳೆದ, ಆಮೇಲೆ ಕ್ರೈಸ್ತ ಮಠಗಳು ಹಗಲು ರಾತ್ರಿ ಸರದಿಯಂತೆ ಪಠಿಸುತ್ತ ಬಂದ 150 ಪದ್ಯಗಳಿವು. ಸ್ತುತಿ ಎಂಬ ಬೋರ್ಡು ನೋಡಿ ಒಳಹೊಕ್ಕರೆ ಎದುರಾಗುವುದು ಗೋಳು. ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಅಳಲು, ದೂರು, ಮೊರೆ. ಕಳೆದ ಶತಮಾನದ ಆರಂಭದಲ್ಲಿ ಜರ್ಮನಿಯ ವಿದ್ವಾಂಸ ಹೆರ್ಮನ್ ಗುಂಕೆಲ್ ಈ ಪದ್ಯಗಳನ್ನು ಜಾತಿವಾರು ವಿಂಗಡಿಸಿದಾಗ ಎಲ್ಲಕ್ಕಿಂತ ದೊಡ್ಡ ರಾಶಿಯಾದದ್ದು ಒಬ್ಬೊಂಟಿ ಮನುಷ್ಯನ ಪ್ರಲಾಪದ್ದು.

13ನೆಯ ಕೀರ್ತನೆ ಆರೇ ವಚನಗಳ ಪುಟ್ಟ ಪದ್ಯ. ಅದರೊಳಗೆ 'ಇನ್ನೂ ಎಷ್ಟು ದಿನ' ಎಂಬರ್ಥದ ಪ್ರಶ್ನೆಯನ್ನು ದೇವರಿಗೆ ನಾಲ್ಕು ಸಲ ಕೇಳಲಾಗಿದೆ. ಐಸಿಯು ಹೊರಗೆ ಕೂತವರಿಗೆ ಈ ಪ್ರಶ್ನೆಯ ತೂಕ ಗೊತ್ತು. 22ನೆಯದು ಕೈಬಿಟ್ಟದ್ದೇಕೆಂದು ಕೇಳುತ್ತಲೇ ಶುರುವಾಗುತ್ತದೆ. ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಬಂದದ್ದು ಇದರ ಮೊದಲ ಮಾತೇ ಎಂದು ಮಾರ್ಕ, ಮತ್ತಾಯರ ಸುವಾರ್ತೆಗಳು ಹೇಳುತ್ತವೆ. ದೇವರ ಮಗನೆಂದು ಕ್ರೈಸ್ತರು ನಂಬುವವನಿಗೇ ಸಾಯುವ ಗಳಿಗೆಯಲ್ಲಿ ಸ್ವಂತ ಮಾತು ಸಾಲದೆ ಹಳೆಯ ಪದ್ಯದ ಸಾಲವೇ ಬೇಕಾಯಿತು ಎಂಬುದನ್ನು ಗಮನಿಸಬೇಕು.

88ನೆಯದಂತೂ ವಿಚಿತ್ರ. ಬೇರೆ ಮೊರೆಗಳು ಬಹುಪಾಲು ಎಲ್ಲೋ ಒಂದು ಕಡೆ ತಿರುವು ತೆಗೆದುಕೊಳ್ಳುತ್ತವೆ. ಕಡೆಗಾದರೂ ಒಂದು ನಂಬಿಕೆಯ ಮಾತು, ಹರಕೆಯ ಮಾತು ಬರುತ್ತದೆ. ಇದರಲ್ಲಿ ಅಂಥದ್ದೇನೂ ಬರುವುದಿಲ್ಲ. ಹೀಬ್ರೂವಿನಲ್ಲಿ ಇದರ ಕಟ್ಟಕಡೆಯ ಪದದ ಅರ್ಥ ಕತ್ತಲೆ. ಅಲ್ಲಿಗೆ ಪದ್ಯ ಮುಗಿಯುತ್ತದೆ, ಸಮಾಧಾನ ಹೇಳುವವರಿಲ್ಲ. ಎರಡು ಸಾವಿರ ವರ್ಷಗಳಿಂದ ಇದನ್ನು ಪ್ರಾರ್ಥನಾ ಪುಸ್ತಕದಿಂದ ತೆಗೆದುಹಾಕದೆ ಇಟ್ಟುಕೊಂಡವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಈ ಮೊರೆಗಳಿಗೆ ಒಂದು ಅಚ್ಚು ಇದೆ. ಮೊದಲು ಹೆಸರು ಹಿಡಿದು ಕರೆಯುವುದು, ಆಮೇಲೆ ದೂರು, ಆಮೇಲೆ ಬೇಡಿಕೆ, ಆಮೇಲೆ ಹಿಂದೆ ನೀನು ಕೈಹಿಡಿದದ್ದುಂಟು ಎಂಬ ನೆನಪು. ತಾಲ್ಲೂಕು ಕಚೇರಿಗೆ ಬರೆಯುವ ಅರ್ಜಿಯ ಅಚ್ಚೂ ಇದೇ ಎಂದರೆ ತಮಾಷೆಯಲ್ಲ. 'ಮಾನ್ಯರೇ' ಎಂದು ಶುರುಮಾಡಿ 'ಕೇಳಿಕೊಳ್ಳುವುದೇನೆಂದರೆ' ಎಂಬಲ್ಲಿಗೆ ಬರುವಷ್ಟರಲ್ಲಿ ಬರೆಯುವವನಿಗೇ ತನ್ನ ಕಷ್ಟ ಇಂಥದ್ದು ಎಂದು ಮೊದಲ ಸಲ ಸ್ಪಷ್ಟವಾಗಿರುತ್ತದೆ. ತಲೆಯೊಳಗೆ ಗಿರಗಿರನೆ ಸುತ್ತುವ ಭಯಕ್ಕೆ ತುದಿಮೊದಲು ಇರುವುದಿಲ್ಲ. ಒಬ್ಬರಿಗೆ ಹೇಳಬೇಕು ಎಂದಾಗ ಅದಕ್ಕೊಂದು ವಾಕ್ಯ ಬೇಕಾಗುತ್ತದೆ, ವಾಕ್ಯಕ್ಕೆ ಒಂದು ಕೊನೆ ಬೇಕಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ತೋರಿಸಿದ್ದೂ ಇದಕ್ಕೆ ಹತ್ತಿರದ ಸಂಗತಿ. ಭಯ, ಕೋಪ ತುಂಬಿದ ಮುಖಗಳನ್ನು ನೋಡಿ ಆ ಭಾವಕ್ಕೆ ಹೆಸರಿಟ್ಟಾಗ, ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ಇಳಿಯಿತು. ಆ ಪ್ರಯೋಗದಲ್ಲಿ ದೇವರಿರಲಿಲ್ಲ ನಿಜ. ಹೆಸರಿಡುವ ಕೆಲಸ ಮಾತ್ರ ಇತ್ತು.

ಕನ್ನಡದ ಕಿವಿಗೆ ದೇವರ ಮೇಲಿನ ತಕರಾರು ಹೊಸದಲ್ಲ. ದಾಸರ ನಿಂದಾಸ್ತುತಿ ನಮಗೆ ಗೊತ್ತು, ವಚನಕಾರರು ಕೂಡಲಸಂಗನನ್ನೂ ಚೆನ್ನಮಲ್ಲಿಕಾರ್ಜುನನನ್ನೂ ತರಾಟೆಗೆ ತೆಗೆದುಕೊಂಡದ್ದೂ ಗೊತ್ತು. ಆದರೂ ಒಂದು ವ್ಯತ್ಯಾಸ ಇದೆ ಅನ್ನಿಸುತ್ತದೆ. ನಿಂದಾಸ್ತುತಿಯಲ್ಲಿ ಬೈಗುಳದ ಹಿಂದೆ ಒಂದು ತುಂಟ ನಗು ಅಡಗಿರುತ್ತದೆ. ಹೊಗಳಿಕೆಯೇ ವೇಷ ಬದಲಿಸಿ ಬಂದಿರುತ್ತದೆ. ಕೀರ್ತನೆಗಳ ಮೊರೆಗೆ ಆ ವೇಷವಿಲ್ಲ. ಎಲುಬು ಜಾರಿದೆ, ನಾಲಿಗೆ ಒಣಗಿ ಅಂಗುಳಿಗೆ ಅಂಟಿದೆ, ಗೆಳೆಯರು ದೂರ ನಿಂತಿದ್ದಾರೆ ಎಂದು ಅದು ನೇರ ಮೈಯ ಭಾಷೆಯಲ್ಲೇ ಮಾತಾಡುತ್ತದೆ.

ಮೈಯ ಭಾಷೆ ಎಂದಾಗ ಎರಡು ಕಥೆ ನೆನಪಾಗುತ್ತವೆ. ಒಂದು ಹನ್ನಳದು. ಮಕ್ಕಳಿಲ್ಲದ ಹೆಣ್ಣು, ಸವತಿಯ ಕುಟುಕು ತಾಳಲಾರದೆ ಶಿಲೋ ಎಂಬ ಊರಿನ ಗುಡಿಗೆ ಬಂದು ಪ್ರಾರ್ಥಿಸುತ್ತಾಳೆ. ದನಿ ಹೊರಡದು, ತುಟಿ ಮಾತ್ರ ಅಲುಗುತ್ತದೆ. ಬಾಗಿಲ ಬಳಿ ಕೂತಿದ್ದ ಯಾಜಕ ಏಲಿ ಇವಳು ಕುಡಿದು ಬಂದಿದ್ದಾಳೆ ಎಂದುಕೊಂಡು ಗದರಿಸುತ್ತಾನೆ. ಕುಡಿದಿಲ್ಲ ಸ್ವಾಮಿ, ಮನಸ್ಸಿನಲ್ಲಿದ್ದದ್ದನ್ನು ಹೊಯ್ದುಬಿಡುತ್ತಿದ್ದೇನೆ ಎಂದು ಅವಳು ತಿಳಿಹೇಳಬೇಕಾಗುತ್ತದೆ. ಅಲ್ಲಿಂದ ಎದ್ದುಹೋದವಳು ಊಟ ಮಾಡಿದಳು, ಅವಳ ಮುಖ ಮೊದಲಿನಂತೆ ಬಾಡಿರಲಿಲ್ಲ ಎಂದು ಕಥೆ ಹೇಳುತ್ತದೆ. ಆಗಿನ್ನೂ ಅವಳಿಗೆ ಮಗು ಹುಟ್ಟಿಲ್ಲ, ಬಸಿರೂ ನಿಂತಿಲ್ಲ. ಕೇಳಿದ್ದು ಸಿಗುವ ಮೊದಲೇ ಹಸಿವು ಮರಳಿತು.

ಇನ್ನೊಂದು ಪ್ರವಾದಿ ಎಲೀಯನದು. ರಾಣಿ ಈಜೆಬೆಲ್ ಕೊಲ್ಲಿಸುತ್ತೇನೆಂದು ಹೇಳಿಕಳಿಸಿದಾಗ ಓಡಿಹೋಗಿ, ಮರುಭೂಮಿಯಲ್ಲಿ ಒಂದು ಹಗಲಿನ ದಾರಿ ನಡೆದು, ಕುರುಚಲು ಗಿಡವೊಂದರ ಕೆಳಗೆ ಕೂತು ಸಾವನ್ನು ಬೇಡುತ್ತಾನೆ. ಸಾಕು, ಪ್ರಾಣ ತೆಗೆದುಕೋ ಎಂಬುದೇ ಅವನ ಪ್ರಾರ್ಥನೆ. ಅದಕ್ಕೆ ದೇವರ ಉತ್ತರ ಉಪದೇಶವಲ್ಲ. ಅವನು ನಿದ್ದೆ ಹೋಗುತ್ತಾನೆ. ದೂತನೊಬ್ಬ ತಟ್ಟಿ ಎಬ್ಬಿಸಿ ತಿನ್ನು ಎನ್ನುತ್ತಾನೆ. ತಲೆದೆಸೆಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ಏನು ಸಮಾಚಾರ, ಇಲ್ಲೇಕೆ ಬಂದೆ ಎಂದು ದೇವರು ವಿಚಾರಿಸುವುದು ಇದೆಲ್ಲ ಆಗಿ ನಲವತ್ತು ದಿನದ ಮೇಲೆ.

ಬಾಯಮ್ಮನಿಗೆ ಈ ಕಥೆ ಗೊತ್ತಿತ್ತೋ ಇಲ್ಲವೋ, ಪಾಠವಂತೂ ಗೊತ್ತಿತ್ತು. ಅವರ ಮಗಳು ಮನೆಯಿಂದ ಟಿಫಿನ್ ಕ್ಯಾರಿಯರಿನಲ್ಲಿ ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ ತರುತ್ತಿದ್ದಳು. "ನೀವು ಉಣ್ಣಿ ಮೊದಲು. ಖಾಲಿ ಹೊಟ್ಟೆಯಲ್ಲಿ ದೇವರ ಹತ್ರ ಎಂತ ಮಾತಾಡುವುದು?" ಎನ್ನುತ್ತ ಮುಚ್ಚಳಕ್ಕೆ ಬಡಿಸಿ ನನ್ನ ಕಡೆಗೆ ತಳ್ಳುತ್ತಿದ್ದರು.

ಇನ್ನು ತೇರ್ಸ್. ಜಪಸರದಲ್ಲಿ 59 ಮಣಿಗಳು. ಅದರಲ್ಲಿ 53 ಮಾತೆ ಮರಿಯಳಿಗೆ ವಂದನೆಯ ಜಪಕ್ಕೆ. ಹತ್ತರ ಐದು ಗುಂಪು, ಮೊದಲಲ್ಲಿ ಮೂರು. ಪ್ರತಿ ಹತ್ತಕ್ಕೂ ಯೇಸುವಿನ, ಮರಿಯಳ ಬದುಕಿನ ಒಂದು ಘಟನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕನ್ನಡದಲ್ಲಿ ಅದನ್ನು ರಹಸ್ಯ ಎನ್ನುತ್ತಾರೆ, ಕೊಂಕಣಿಯಲ್ಲಿ ಮಿಸ್ತೆರ್. ಮಂಗಳವಾರ, ಶುಕ್ರವಾರಗಳಂದು ದುಃಖದ ರಹಸ್ಯಗಳ ಸರದಿ. ಅದರಲ್ಲಿ ಮೊದಲನೆಯದೇ ಗೆತ್ಸೇಮನೆ ತೋಟದ ರಾತ್ರಿ.

ಗೆತ್ಸೇಮನೆ ಎಂದರೆ ಎಣ್ಣೆಗಾಣ. ಜೆರುಸಲೇಮಿನ ಪೂರ್ವಕ್ಕೆ, ಓಲಿವ್ ಗುಡ್ಡದ ಬುಡದಲ್ಲಿ. ಮಾರನೆಯ ದಿನ ಸಾಯಬೇಕೆಂದು ತಿಳಿದ ಯೇಸು ಅಲ್ಲಿ ನೆಲಕ್ಕೆ ಬಿದ್ದು, ಈ ಬಟ್ಟಲು ನನ್ನಿಂದ ದಾಟಿಹೋಗಲಿ ಎಂದು ತಂದೆಯನ್ನು ಬೇಡಿಕೊಂಡ. ಜೊತೆಗೆ ಎಚ್ಚರವಾಗಿರಿ ಎಂದು ಮೂವರು ಗೆಳೆಯರನ್ನು ಕೇಳಿಕೊಂಡಿದ್ದ. ಅವರು ನಿದ್ದೆ ಹೋದರು. ಎಬ್ಬಿಸಿ, ಮತ್ತೆ ಹೋಗಿ, ಅದೇ ಮಾತುಗಳಲ್ಲಿ ಪ್ರಾರ್ಥಿಸಿದ ಎನ್ನುತ್ತಾನೆ ಮಾರ್ಕ. ಹೊಸದೇನನ್ನೂ ಹೇಳಲಿಲ್ಲ. ಬಟ್ಟಲು ದಾಟಿಯೂ ಹೋಗಲಿಲ್ಲ. ಮಂಗಳವಾರದ ರಾತ್ರಿ ಕಾರಿಡಾರಿನ ಬೆಂಚಿನ ಮೇಲೆ ಕಾಲು ಮಡಚಿ ಕೂತ ಹೆಂಗಸೊಬ್ಬರು ಹತ್ತು ಮಣಿಗಳ ಉದ್ದಕ್ಕೂ ನೋಡುವುದು ಈ ಒಂದು ದೃಶ್ಯವನ್ನು. ತನ್ನ ರಾತ್ರಿಯನ್ನು ಇನ್ನೊಬ್ಬನ ರಾತ್ರಿಯ ಪಕ್ಕದಲ್ಲಿಟ್ಟು ನೋಡುವ ಕೆಲಸ ಇದು.

ಹೇಳಿದ್ದನ್ನೇ ಹೇಳುವುದು ಯಾಂತ್ರಿಕವಲ್ಲವೇ ಎಂಬ ಆಕ್ಷೇಪ ಹಳೆಯದು. ಪ್ರಾಟೆಸ್ಟೆಂಟರಲ್ಲಿ ಹಲವರು ಜಪಸರವನ್ನು ಒಪ್ಪುವುದಿಲ್ಲ, ಪ್ರಾರ್ಥನೆ ಎದೆಯಿಂದ ಆಗಿಂದಾಗಲೇ ಹೊಮ್ಮಬೇಕು ಎನ್ನುತ್ತಾರೆ. ಆರಾಮವಾಗಿದ್ದಾಗ ನಾನೂ ಅದೇ ಪಕ್ಷ. ಆದರೆ ರಾತ್ರಿ ಎರಡೂವರೆಗೆ ಸಿಸ್ಟರ್ ಬಾಗಿಲು ತೆರೆದು 'ಎಂಟನೇ ಬೆಡ್ಡಿನವರು ಯಾರು' ಎಂದು ಕರೆದಾಗ ಎದೆಯಿಂದ ಹೊಮ್ಮುವುದು ಏನೂ ಇರುವುದಿಲ್ಲ. ಬಾಯಿ ಒಣಗಿರುತ್ತದೆ. ಆಗ ಕೈಗೆ ಸಿಗುವುದು ಬಾಲ್ಯದಲ್ಲಿ ಬಾಯಿಪಾಠವಾದದ್ದು ಮಾತ್ರ. ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನ್ ಬರೆದ ಪತ್ರವೊಂದರಲ್ಲಿ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ಪ್ರಸ್ತಾಪವಿದೆ. ಅವರ ಪ್ರಾರ್ಥನೆಗಳು ಪುಟ್ಟವು, ಈಟಿ ಎಸೆದಂತೆ ಥಟ್ಟನೆ ಹೊರಡುವಂಥವು ಎನ್ನುತ್ತಾನೆ. ಉದ್ದ ಎಳೆದರೆ ಮನಸ್ಸಿನ ಹುರಿ ಸಡಿಲವಾದೀತು ಎಂಬ ಎಚ್ಚರ ಅವರದು. ಅದೇ ಕಾಲದ ಜಾನ್ ಕ್ಯಾಸಿಯನ್ ಅಂತೂ ಕೀರ್ತನೆಗಳಿಂದ ಒಂದೇ ಒಂದು ಸಾಲನ್ನು, ಬೇಗ ಬಂದು ಕಾಪಾಡು ಎಂಬರ್ಥದ್ದನ್ನು, ಏಳುವಾಗ ಕೂರುವಾಗ ಹೇಳಿಕೊಳ್ಳಲು ಕೊಟ್ಟ. ಬಾಯಮ್ಮನ ಬಾಯಲ್ಲಿ ಕ್ಷಣಕ್ಕೊಮ್ಮೆ ಬರುತ್ತಿದ್ದ 'ಸಾಯ್ಬಾ', ಅಂದರೆ ಪ್ರಭುವೇ, ಎಂಬ ಕರೆ ಆ ಮರುಭೂಮಿಯ ಈಟಿಗಳ ವಂಶದ್ದೇ.

ಈ ಪುನರಾವರ್ತನೆಯನ್ನು ವೈದ್ಯವಿಜ್ಞಾನ ಒಮ್ಮೆ ಅಳತೆಪಟ್ಟಿ ಹಿಡಿದು ನೋಡಿದ್ದುಂಟು. ಇಟಲಿಯ ಪಾವಿಯಾದ ಹೃದಯತಜ್ಞ ಲೂಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು 23 ಆರೋಗ್ಯವಂತರಿಂದ ಲ್ಯಾಟಿನ್ ಭಾಷೆಯ ಜಪಸರವನ್ನೂ 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಹೇಳಿಸಿ, ಉಸಿರು, ರಕ್ತದೊತ್ತಡ, ಹೃದಯದ ಬಡಿತಗಳನ್ನು ದಾಖಲಿಸಿದರು. 2001ರ ಡಿಸೆಂಬರಿನಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಅದನ್ನು ಪ್ರಕಟಿಸಿತು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು. ಸುಮ್ಮನೆ ಕೂತಾಗ ನಮ್ಮದು 12ರಿಂದ 20ರವರೆಗೆ ಇರುತ್ತದೆ. ಕಾರಣ ಸರಳ. ಮರಿಯ ವಂದನೆಯ ಮೊದಲರ್ಧವನ್ನು ಒಬ್ಬರು ಹೇಳಿ, ಉಳಿದರ್ಧವನ್ನು ಇನ್ನೊಬ್ಬರು ಹೇಳಿ ಮುಗಿಸಲು ಹತ್ತು ಸೆಕೆಂಡು ಬೇಕು. ತನ್ನ ಸರದಿಯಲ್ಲಿ ಉಸಿರು ಬಿಡುತ್ತ ಹೇಳಬೇಕು, ಇನ್ನೊಬ್ಬರ ಸರದಿಯಲ್ಲಿ ಒಳಗೆಳೆದುಕೊಳ್ಳಬಹುದು. ರಕ್ತದೊತ್ತಡ ತಾನೇ ತಾನಾಗಿ ಏರಿಳಿಯುವ ಲಯವೂ ಹತ್ತು ಸೆಕೆಂಡಿನದೇ. ಎರಡೂ ತಾಳಕ್ಕೆ ಕೂಡಿಕೊಂಡಾಗ ಒತ್ತಡವನ್ನು ಹದದಲ್ಲಿಡುವ ದೇಹದ ಸೂಕ್ಷ್ಮತೆ ಹೆಚ್ಚಿತು. ಇದು ದೇವರಿದ್ದಾನೆ ಎಂದೂ ತೋರಿಸುವುದಿಲ್ಲ, ಇಲ್ಲ ಎಂದೂ ತೋರಿಸುವುದಿಲ್ಲ. ಪಾಳಿಯ ಮೇಲೆ ಹೇಳುವ ಪ್ರಾರ್ಥನೆಗೆ ಇನ್ನೊಬ್ಬ ಮನುಷ್ಯ ಬೇಕು ಎಂಬುದು ಮಾತ್ರ ನನಗೆ ಹಿಡಿಸಿದ ವಿಷಯ.

ಇನ್ನೊಂದು ಪ್ರಯೋಗದ ಕಥೆ ಇಷ್ಟು ಸಿಹಿಯಾಗಿಲ್ಲ. ಹಾರ್ವರ್ಡಿನ ಹರ್ಬರ್ಟ್ ಬೆನ್ಸನ್ ಮುಂದಾಳತ್ವದಲ್ಲಿ ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1802 ರೋಗಿಗಳನ್ನು ಮೂರು ಗುಂಪು ಮಾಡಿದರು. ಎರಡು ಗುಂಪಿಗಾಗಿ ದೂರದ ಕ್ರೈಸ್ತ ಸಮುದಾಯಗಳು ಪ್ರಾರ್ಥಿಸಿದವು, ಮೂರನೆಯದಕ್ಕೆ ಇಲ್ಲ. ಫಲಿತಾಂಶ 2006ರಲ್ಲಿ ಬಂತು. ತಮಗಾಗಿ ಪ್ರಾರ್ಥಿಸುತ್ತಿದ್ದಾರೋ ಇಲ್ಲವೋ ಎಂದು ಖಚಿತವಾಗಿ ತಿಳಿಯದ ಎರಡು ಗುಂಪುಗಳಲ್ಲಿ ಪ್ರಾರ್ಥನೆ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವಿರಲಿಲ್ಲ. ಕ್ರಮವಾಗಿ 52 ಮತ್ತು 51 ಶೇಕಡಾ ಮಂದಿಗೆ ತೊಡಕುಗಳಾಗಿದ್ದವು. ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ ಎಂದು ಮೊದಲೇ ಹೇಳಿದ್ದ ಗುಂಪಿನಲ್ಲಿ ಮಾತ್ರ ಅದು 59ಕ್ಕೆ ಏರಿತ್ತು! ಪ್ರಾರ್ಥನೆಯ ತಂಡವನ್ನೇ ಕರೆಸಬೇಕಾದಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ ಎಂದು ರೋಗಿ ಗಾಬರಿಯಾಗಿರಬಹುದು ಎಂದು ಸಂಶೋಧಕರಲ್ಲೊಬ್ಬರು ಊಹಿಸಿದರು.

ಮೂರನೆಯ ದಿನವೇ ಬಾಯಮ್ಮ ನನ್ನಣ್ಣನ ಹೆಸರು ಕೇಳಿ ತಮ್ಮ ತೇರ್ಸಿಗೆ ಸೇರಿಸಿಕೊಂಡಿದ್ದರು. ಅಣ್ಣನಿಗೆ ಪ್ರಜ್ಞೆ ಇರಲಿಲ್ಲ, ಆದ್ದರಿಂದ ಈ ಲೆಕ್ಕದಲ್ಲಿ ಅವನಿಗೆ ಅಪಾಯವೇನೂ ಇರಲಿಲ್ಲ. ಅವನೀಗ ಮನೆಯಲ್ಲಿದ್ದಾನೆ. ಅದರಲ್ಲಿ ಆಂಟಿಬಯೋಟಿಕ್ಕಿನ ಪಾಲೆಷ್ಟು, ತೇರ್ಸಿನ ಪಾಲೆಷ್ಟು ಎಂದು ಲೆಕ್ಕ ಹಾಕಲು ನಾನು ಹೋಗಿಲ್ಲ. ಪ್ರಾರ್ಥನೆಯನ್ನು ಮಾತ್ರೆಯಂತೆ ಡೋಸು ಮಾಡಿ ತೂಗಬಹುದು ಎಂಬ ಆ ಪ್ರಯೋಗದ ಕಲ್ಪನೆಯೇ ಎಡವಟ್ಟು ಎಂದು ನನಗನ್ನಿಸುತ್ತದೆ. ಆದರೆ ಅದರಿಂದ ಒಂದು ಉಪಕಾರವಾಗಿದೆ. 'ಪ್ರಾರ್ಥಿಸಿ, ಗುಣವಾಗುವುದು ಗ್ಯಾರಂಟಿ' ಎಂದು ಮೈಕು ಹಿಡಿದು ಹೇಳುವವರಿಗೆ ತೋರಿಸಲು ಅದೊಂದು ಒಳ್ಳೆಯ ಕಾಗದ.

ಆ ಗ್ಯಾರಂಟಿಯ ಮಾತು ಮಾಡುವ ಗಾಯ ಸಣ್ಣದಲ್ಲ. ಗುಣವಾಗದಿದ್ದರೆ ವಿಶ್ವಾಸ ಸಾಲದು, ಪಾಪ ಎಲ್ಲೋ ಉಳಿದಿದೆ ಎಂದು ರೋಗಿಯ ತಲೆಗೇ ಕಟ್ಟುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆ ಸೇರಿದ, 55 ದಾಟಿದ 596 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿ 2001ರಲ್ಲಿ ವರದಿ ಪ್ರಕಟಿಸಿದರು. ದೇವರು ನನ್ನನ್ನು ಕೈಬಿಟ್ಟ, ಅವನಿಗೆ ನನ್ನ ಮೇಲೆ ಪ್ರೀತಿಯಿಲ್ಲ, ಇದು ಸೈತಾನನ ಕೆಲಸ ಎಂದುಕೊಂಡು ಕೊರಗಿದವರಲ್ಲಿ ಸಾವಿನ ಸಂಭವ ಹೆಚ್ಚಿತ್ತು.

ಇಲ್ಲಿ ನಾನು ಸ್ವಲ್ಪ ಹೊತ್ತು ತಡವರಿಸಿದೆ. ಕೈಬಿಟ್ಟೆಯಲ್ಲ ಎಂದು ಕೂಗುವ 22ನೆಯ ಕೀರ್ತನೆಯೂ ಇದನ್ನೇ ಹೇಳುತ್ತದಲ್ಲ? ಹಾಗಾದರೆ ಬಾಯಮ್ಮನ ಜಗಳ ಆರೋಗ್ಯಕ್ಕೆ ಹಾನಿಯೇ? ತುಂಬ ಯೋಚಿಸಿದ ಮೇಲೆ ನನಗೆ ಹೊಳೆದ ಅಂತರ ವ್ಯಾಕರಣದ್ದು. 'ಅವನು ನನ್ನನ್ನು ಕೈಬಿಟ್ಟ' ಎಂಬುದರಲ್ಲಿ ದೇವರು ಪ್ರಥಮ ಪುರುಷ. 'ನೀನು ನನ್ನನ್ನು ಕೈಬಿಟ್ಟೆ' ಎಂಬುದರಲ್ಲಿ ಮಧ್ಯಮ ಪುರುಷ. ಮೊದಲನೆಯದು ತನ್ನೊಳಗೇ ಹಾಕಿಕೊಂಡ ತೀರ್ಪು, ಎರಡನೆಯದು ಎದುರಿಗಿರುವವನ ಮೇಲೆ ಹೂಡಿದ ದಾವೆ. ದಾವೆ ಹೂಡಿದವನು ಕೋರ್ಟಿಗೆ ಬರುವುದನ್ನು ಬಿಟ್ಟಿರುವುದಿಲ್ಲ. ಇದು ನನ್ನ ಊಹೆಯೇ ಹೊರತು ಪಾರ್ಗಮೆಂಟ್ ಹೇಳಿದ್ದಲ್ಲ.

ಬೈಬಲಿನಲ್ಲೇ ಈ ದಾವೆಯ ತೀರ್ಪು ಒಂದು ಕಡೆ ಬಂದಿದೆ. ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಅಲ್ಲಿಯವರೆಗೆ ಅವರದು ಒಳ್ಳೆಯ ಕೆಲಸ. ಬಾಯಿ ಬಿಟ್ಟದ್ದೇ ಕೆಟ್ಟಿತು. ನೀನೇನೋ ತಪ್ಪು ಮಾಡಿರಬೇಕು ಎಂದು ಪುಟಗಟ್ಟಲೆ ದೇವರ ವಕೀಲಿಕೆ ಮಾಡುತ್ತಾರೆ. ಯೋಬನೋ ದೇವರನ್ನೇ ಕಟಕಟೆಗೆ ಕರೆಯುತ್ತಾನೆ. ಕೊನೆಯಲ್ಲಿ ದೇವರು, ನನ್ನ ವಿಷಯ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎಂದು ಆ ವಕೀಲರನ್ನೇ ಗದರುತ್ತಾನೆ.

ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ವಾರಗಟ್ಟಲೆ ನಿದ್ದೆ ಬಾರದೆ, ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರೂ ಬೇಕು. ಎಲೀಯನಿಗೂ ದೇವರು ರೊಟ್ಟಿಯನ್ನು ಯಾರದೋ ಕೈಯಲ್ಲಿ ಕಳಿಸಿದ ತಾನೇ. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಸಮಾಧಾನ ಹೇಳುವ ವಿಷಯದಲ್ಲಿ ನನಗೆ ಮರೆಯಲಾಗದ್ದು ಡೀಟ್ರಿಶ್ ಬಾನ್‌ಹೋಫರನ ಒಂದು ನಡೆ. ಹಿಟ್ಲರನ ವಿರುದ್ಧ ನಿಂತ ಜರ್ಮನ್ ಪಾದ್ರಿ. ಕೀರ್ತನೆಗಳೇ ಬೈಬಲಿನ ಪ್ರಾರ್ಥನಾ ಪುಸ್ತಕ ಎಂದು 1940ರಲ್ಲಿ ಪುಟ್ಟ ಪುಸ್ತಕ ಬರೆದವನು, ವರ್ಷಗಟ್ಟಲೆ ಅವನ್ನು ದಿನವೂ ಓದಿದವನು. 1943ರ ಏಪ್ರಿಲ್ 5ರಂದು ಅವನನ್ನು ಬಂಧಿಸಿ ಬರ್ಲಿನ್ನಿನ ತೇಗೆಲ್ ಜೈಲಿಗೆ ಹಾಕಿದರು. ಆ ವರ್ಷದ ಕ್ರಿಸ್‌ಮಸ್‌ಗೆ ಜೊತೆಯ ಕೈದಿಗಳಿಗಾಗಿ ಅವನು ಮೂರು ಪ್ರಾರ್ಥನೆ ಬರೆದುಕೊಟ್ಟ. ಬೆಳಗಿಗೊಂದು, ಸಂಜೆಗೊಂದು, ತೀರಾ ಸಂಕಟದ ಹೊತ್ತಿಗೊಂದು.

ಅಂಥವನು 1944ರ ಜನವರಿಯಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ ಒಂದು ರಾತ್ರಿಯನ್ನು ವರ್ಣಿಸುತ್ತಾನೆ. ಬಾಂಬು ದಾಳಿ ನಡೆದಿದೆ, ಎಲ್ಲರೂ ನೆಲದ ಮೇಲೆ ಮಲಗಿದ್ದಾರೆ. ಬೇರೆ ದಿನ ಯಾವುದನ್ನೂ ಲೆಕ್ಕಕ್ಕಿಡದ ಒಬ್ಬ ಕೈದಿ ಪಕ್ಕದಲ್ಲಿ ದೇವರೇ ದೇವರೇ ಎಂದು ನರಳುತ್ತಿದ್ದಾನೆ. ಪಾದ್ರಿಯಾದವನು ಈಗ ಎರಡು ಧರ್ಮದ ಮಾತು ಹೇಳಬೇಕು. ಬಾನ್‌ಹೋಫರನಿಗೆ ಮನಸ್ಸು ಬರಲಿಲ್ಲ. ಹೆದರಿದವನ ಮೇಲೆ ಧರ್ಮವನ್ನು ಹೇರುವುದು ಅವನ ನಿಸ್ಸಹಾಯಕತೆಯ ದುರುಪಯೋಗ ಎಂದು ಅನ್ನಿಸಿತೇನೋ. ಅವನು ಕೈಗಡಿಯಾರ ನೋಡಿ ಹೇಳಿದ್ದಿಷ್ಟೇ, ಇನ್ನು ಹೆಚ್ಚೆಂದರೆ ಹತ್ತು ನಿಮಿಷ, ಮುಗಿದುಹೋಗುತ್ತದೆ ಎಂದು. ಪ್ರಾರ್ಥನೆ ಬರೆದುಕೊಟ್ಟ ಕೈಯೇ ಅಂದು ಗಡಿಯಾರ ತೋರಿಸಿತು. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಜರ್ಮನಿ ಶರಣಾಗಲು ಇನ್ನೊಂದು ತಿಂಗಳಿತ್ತು.

ಕಾರಿಡಾರಿನಲ್ಲಿ ನಮ್ಮ ಕೊನೆಯ ರಾತ್ರಿ ಶುಕ್ರವಾರ. ಬೆಳಗ್ಗೆ ಅಣ್ಣನನ್ನು ವಾರ್ಡಿಗೆ ಬದಲಿಸುತ್ತೇವೆಂದು ಹೇಳಿದ್ದರು. ಹನ್ನೊಂದು ಗಂಟೆಯ ಸುಮಾರಿಗೆ, ಬಾಯಮ್ಮ ತೇರ್ಸಿನ ನಡುವೆ ಇದ್ದಾಗ, ಐಸಿಯು ಬಾಗಿಲು ತೆರೆಯಿತು. "ಏಳನೇ ಬೆಡ್ಡಿನ ಅಟೆಂಡರ್!" ಅವರು ಎದ್ದವರು ಒಂದು ಕ್ಷಣ ನಿಂತರು. ಜಪಸರ ಕೈಯಲ್ಲಿದೆ, ಹೆಬ್ಬೆರಳು ತೋರುಬೆರಳ ನಡುವೆ ಒಂದು ಮಣಿ. ಅದನ್ನು ಹಾಗೆಯೇ ನನ್ನ ಕಡೆಗೆ ಚಾಚಿದರು.

"ಮೂರನೇ ಹತ್ತರಲ್ಲಿ ಆರು ಆಗಿದೆ. ಇಲ್ಲಿ ಹಿಡ್ಕೊಳ್ಳಿ. ಬಿಡ್ಬೇಡಿ."

"ನನಗೆ ಹೇಳಲಿಕ್ಕೆ ಬರುವುದಿಲ್ಲ ಬಾಯಮ್ಮ."

"ಹೇಳುವುದು ಬೇಡ. ಹಿಡ್ಕೊಂಡ್ರೆ ಸಾಕು."

ಮರದ ಮಣಿ, ಬೆವರಿನಿಂದ ಒದ್ದೆಯಾಗಿತ್ತು. ಅವರು ಒಳಗೆ ಹೋದರು, ಬಾಗಿಲು ಮುಚ್ಚಿತು. ಮುಕ್ಕಾಲು ಗಂಟೆ ನಾನು ಮಣಿ ಹಿಡಿದು ಕೂತೆ. ಬಾಯಾರಿದರೂ ನೀರಿನ ಬಾಟಲಿಗೆ ಎಡಗೈಯನ್ನೇ ಚಾಚಿದೆ. ಮೊಬೈಲು ಎರಡು ಸಲ ಹೊಡೆದುಕೊಂಡಿತು, ತೆಗೆಯಲಿಲ್ಲ. ಬೆರಳು ಜೋಮು ಹಿಡಿಯತೊಡಗಿದಾಗ ಒತ್ತಿ ಹಿಡಿದೆ, ಎಲ್ಲಿ ಐದನೆಯದಕ್ಕೋ ಏಳನೆಯದಕ್ಕೋ ಜಾರಿಬಿಡುತ್ತೇನೋ ಎಂದು.

ಅವರು ಹೊರಗೆ ಬಂದಾಗ ಮುಖದಿಂದ ಏನೂ ತಿಳಿಯಲಿಲ್ಲ, ನಾನೂ ಕೇಳಲಿಲ್ಲ. ಪಕ್ಕದಲ್ಲಿ ಕೂತು, ಸೆರಗಿನಿಂದ ಕೈ ಒರೆಸಿಕೊಂಡು, ನನ್ನ ಬೆರಳುಗಳ ನಡುವಿನಿಂದ ಆ ಮಣಿಯನ್ನೇ ಹುಡುಕಿ ತೆಗೆದುಕೊಂಡರು. ಆಮೇಲೆ ಏಳನೆಯದಕ್ಕೆ ಸರಿದರು.